ಕಾಪಿ ಹೊಡೆಯುವ ಭಾವ

ನಮ್ಮ ಭಾವ ಹಗಲೆಲ್ಲ ಕಾಪಿ ಹೊಡೆಯುತ್ತಾರೆ! ಗಾಬರಿಯಾಗಬೇಡಿ, ಪರೀಕ್ಷೆಯಲ್ಲಲ್ಲ. ನನ್ನ ಅಕ್ಕನ ಗಂಡನಾದ ಈ ಮೈಸೂರಿನ ಮಹಾಶಯರು ತಿರುವನಂತಪುರದ ಕೇಂದ್ರ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ವಿಂಡೋಸ್ ಬದಲು ಲಿನಕ್ಸ್ ಓಡುವ ಕಂಪ್ಯೂಟರಿನಲ್ಲಿ ಫೈಲುಗಳನ್ನು ನಕಲು ಮಾಡಲು ‘ಸಿಪಿ’ ಎಂಬ ಆಜ್ಞೆ ಇದೆಯಂತೆ. ಹೇಗೆ ನಕಲು ಮಾಡಬೇಕೆಂದು ತಿಳಿಸಲು ಅದಕ್ಕೊಂದು ಅಡ್ಡಗೆರೆ ಎಳೆದು ಬಾಲ ಅಂಟಿಸಬೇಕಂತೆ. ಆ ಬಾಲಕ್ಕೆ ಆಪ್ಷನ್ ಎಂದು ಹೆಸರು. ಒಂದು ಬಗೆಯ ಲಿನಕ್ಸಿಗೆ ಅರ್ಥವಾಗುವ ಆಪ್ಷನ್ ಇನ್ನೊಂದು ಬಗೆಯದಕ್ಕೆ ಅರ್ಥವಾಗುವುದಿಲ್ಲ. ಭಾವನವರ ಬಾಳಿನ ಏಕೈಕ ದುಃಖ ಇದು!

ಮಗಳ ಮದುವೆಯ ಮರುದಿನ, ಬೀಗರು ಹೊರಡುವುದರೊಳಗೆ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡಿ ಎಂದಳು ಅಕ್ಕ. ಭಾವ ಕುಳಿತರು. ಕುಳಿತೇ ಇದ್ದರು.

“ಸುಮ್ನೆ ಹಾಕ್ಕೊಡ್ರೀ, ಎಷ್ಟು ಹೊತ್ತು?”

“ಸುಮ್ನೆ ಹಾಕಿದ್ರೆ ಎಲ್ಲ ಫೋಟೋಗೂ ಇವತ್ತಿನ ತಾರೀಖು ಬೀಳುತ್ತೆ. ಧಾರೆ ಇವತ್ತು ಆಯ್ತಾ?”

“ಬೀಗರು ಆಟೋ ಹತ್ತಿದ್ರು ರೀ!”

ತಾರೀಖುಗಳು ಉಳಿದವು. ಬೀಗರು ಉಳಿಯಲಿಲ್ಲ.

ಇಂಥವರು ಬಿಡುವಿನ ವೇಳೆಯಲ್ಲಿ, ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿಹೇಳುವ ಪ್ರೋಗ್ರಾಂ ಒಂದನ್ನು ಬರೆದು, ಬೇಕಾದವರಿಗೆಲ್ಲ ಪುಕ್ಕಟೆ ಹಂಚಿದ್ದಾರೆ. ಒಂದು ಶುಕ್ರವಾರ ಭಾವನ ಫೋನು ಬಂತು.

“ನಾಳೆ ಕೊಚ್ಚಿಗೆ ಬರ್ತಿದ್ದೀನಿ ಕಣೋ. ಕಳಮಶ್ಶೇರಿಲಿ ಒಬ್ಬರ ಮನೇಲಿ ನನ್ನ ಪ್ರೋಗ್ರಾಂ ನಿಂತುಹೋಗಿದೆ.”

“ಫೋನಲ್ಲೇ ಹೇಳಿಕೊಡಬಾರದಾ ಭಾವ?”

“ಆಗ್ತಿಲ್ಲ. ಮುಖಾಮುಖಿ ಮಾತಾಡ್ಬೇಕು.”

“ಅವರ ಹತ್ರಾನಾ?”

“ಲಿನಕ್ಸ್ ಹತ್ರ!”

ನಾನು ಕೊಚ್ಚಿಯ ಕಲೂರಿನಲ್ಲಿ ಬ್ಯಾಂಕ್ ನೌಕರ; ಅದೃಷ್ಟಕ್ಕೋ ದುರದೃಷ್ಟಕ್ಕೋ ಆ ಶನಿವಾರ ರಜೆ. ಜೊತೆಗೆ ಹೊರಟೆ. ಮೆಟ್ರೋದಲ್ಲಿ ಭಾವ ಗಾಳಿಯಲ್ಲಿ ಅಡ್ಡಗೆರೆಗಳನ್ನು ಎಳೆಯುತ್ತ ಗೊಣಗುವುದನ್ನು ನೋಡಿ, ಎದುರಿಗೆ ಸೀರೆಯುಟ್ಟು ಕುಳಿತಿದ್ದ ಮಲಯಾಳಿ ಚೇಚಿಯೊಬ್ಬರು ಸೀಟು ಬದಲಾಯಿಸಿದರು.

ಕಳಮಶ್ಶೇರಿಯ ಆ ಮನೆಯಲ್ಲಿದ್ದವರು ಕಾಸರಗೋಡಿನ ಕಡೆಯ ದಂಪತಿ. ಕಾರ್ಖಾನೆಯಿಂದ ನಿವೃತ್ತರಾದ ಯಜಮಾನರಿಗೆ ಗಂಟಲಿನ ಆಪರೇಷನ್ ಆಗಿ ಮಾತು ಹೋಗಿತ್ತು. ನಗುತ್ತಲೇ ಕೈಮುಗಿದರು. ಅವರದು ಹಳೆಯ ಕಂಪ್ಯೂಟರ್. ಅದಕ್ಕೆ ತಕ್ಕಂತೆ ಅಳಿಯ ಪುಟ್ಟ ಲಿನಕ್ಸ್ ಒಂದನ್ನು ಹಾಕಿಕೊಟ್ಟಿದ್ದ. ಭಾವನ ಪ್ರೋಗ್ರಾಂ ಆಯಾ ಕಂಪ್ಯೂಟರಿನಲ್ಲೇ ಹಂತಹಂತವಾಗಿ ಸಿದ್ಧವಾಗಬೇಕು. ಇಲ್ಲಿ ಅದು ನಡುದಾರಿಯಲ್ಲಿ ನಿಂತು, ‘ಈ ಆಪ್ಷನ್ ನನಗೆ ಗೊತ್ತಿಲ್ಲ’ ಎಂದು ಇಂಗ್ಲಿಷಿನಲ್ಲಿ ಕೈಚೆಲ್ಲಿತ್ತು. ಫೈಲುಗಳ ಹಳೆಯ ಸಮಯವನ್ನು ಉಳಿಸಿಕೊಂಡೇ ನಕಲು ಮಾಡು ಎಂಬ, ಮದುವೆಯ ಕರೆಯೋಲೆಯಷ್ಟು ಉದ್ದದ ಆಪ್ಷನ್ ಅದು.

“ಯಾವ ಪುಣ್ಯಾತ್ಮ ಬರೆದದ್ದು ಭಾವ ಈ ಸಾಲು?”

“ನಾನೇ.”

ನಾನು ಥಟ್ಟನೆ ಮಾತು ತಿರುಗಿಸಿದೆ. “ಬೇರೆ ಲಿನಕ್ಸ್ ಹಾಕಿಬಿಟ್ರೆ?” ಎಂದೆ.

“ಕೀಲಿ ಬೀಗಕ್ಕೆ ಹೊಂದಲಿಲ್ಲ ಅಂತ ಮನೆ ಕೆಡವ್ತಾರೇನೋ? ಬಗ್ಗಬೇಕಾದೋನು ನಾನು.”

ಬಗ್ಗಿದರು. ಉದ್ದದ ಆಪ್ಷನ್ ಅಳಿಸಿ, ಎಲ್ಲ ಲಿನಕ್ಸಿಗೂ ಗೊತ್ತಿರುವ ‘ಪಿ’ ಎಂಬ ಒಂದೇ ಅಕ್ಷರ ಹಾಕಿದರು. ಪ್ರೋಗ್ರಾಂ ಮುಂದೆ ಓಡಿ, ಇನ್ನೊಂದು ನಕಲಿನ ಸಾಲಿನಲ್ಲಿ ಮುಗ್ಗರಿಸಿತು. ಅದನ್ನೂ ತಿದ್ದಿದರು. ಮತ್ತೊಂದರಲ್ಲಿ ಎಡವಿತು. ಸಾಲದ್ದಕ್ಕೆ, ತಿದ್ದಿದ ಪ್ರತಿ ಸಾಲನ್ನೂ ತಮ್ಮ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸುವ ವ್ರತ ಬೇರೆ! “ಇಲ್ಲಿ ಸರಿಹೋಗಿ ಅಲ್ಲಿ ಕೆಟ್ರೆ? ಎರಡೂ ಕಡೆ ನಡೀಬೇಕು.”

“ಚಾಯ ತಣೀತದೆ ಮಾರಾಯ್ರೆ, ಕುಡಿದು ಮಾಡಿ,” ಎಂದರು ಮನೆಯಾಕೆ.

“ಇದೊಂದು ಸಾಲು, ಅಮ್ಮಾ.”

ಆ ‘ಇದೊಂದು ಸಾಲು’ ಮಧ್ಯಾಹ್ನ ದಾಟಿತು. ಭಾವ ಊಟಕ್ಕೂ ಏಳಲಿಲ್ಲ. ಚಾಯದ ಜೊತೆ ಬಂದಿದ್ದ ಬೇಳೆಯ ಪರಿಪ್ಪುವಡೆಯಲ್ಲಿ ಅವರ ಪಾಲನ್ನೂ ತಿಂದು ನಾನು ಕರ್ತವ್ಯ ಮೆರೆದೆ. ಸಂಜೆ ಬಿಸಿಲು ಕಿಟಕಿಗೆ ಬಂದಾಗ ಕೊನೆಯ ಹಂತವೂ ತಡೆಯಿಲ್ಲದೆ ಮುಗಿಯಿತು. ಭಾವ ಕುರ್ಚಿ ಬಿಟ್ಟುಕೊಟ್ಟು ಯಜಮಾನರಿಗೆ, “ಈಗ ಬರೀರಿ ಸಾರ್, ಏನಾದ್ರೂ,” ಎಂದರು.

ಯಜಮಾನರು ಕೀಲಿಗಳನ್ನು ಹುಡುಕಿ ಹುಡುಕಿ ಒತ್ತಿದರು. ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಂಥ ಒಣ ದನಿಯಲ್ಲಿ ಕಂಪ್ಯೂಟರ್ ಕೂಗಿತು: “ಸಾರದಾ!”

“ಹಾಂ, ಬಂದೆ!” ಎಂದು ಅಡುಗೆಮನೆಯಿಂದ ಉತ್ತರ ಬಂತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಶಾರದಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ತಾವು ಓಗೊಟ್ಟದ್ದು ಯಾರಿಗೆ ಎಂಬುದು ಅವರಿಗೆ ಆಗ ತಾನೇ ಹೊಳೆದಿರಬೇಕು.

ಭಾವ ಕೀಲಿಮಣೆಗೆ ಕೈ ಚಾಚಿದರು. “ಉಚ್ಚಾರ ತಪ್ಪಿದೆ. ಒಂದು ನಿಮಿಷ, ಸರಿಮಾಡ್ತೀನಿ...”

“ಎಂತ ತಪ್ಪೂ ಇಲ್ಲ,” ಎಂದರು ಆಕೆ. ಭಾವನ ಕಡೆ ಅವರು ನೋಡಲೂ ಇಲ್ಲ. ಗಂಡನ ಹೆಗಲ ಮೇಲೆ ಕೈಯಿಟ್ಟು, “ಇನ್ನೊಂದು ಸಲ ಕರೀರಿ,” ಎಂದರು.

ಭಾವ, ಜೀವನದಲ್ಲಿ ಮೊದಲ ಬಾರಿಗೆ, ಒಂದು ತಪ್ಪನ್ನು ಇದ್ದ ಹಾಗೆಯೇ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು.