ಸೋತವರ ನಾಡಿನಲ್ಲಿ ಅಮೆರಿಕದ ಯುದ್ಧ

ಊರು ಶ್ರೀರಂಗಪಟ್ಟಣ. ಓದಿದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಪಿಎಚ್‌ಡಿ ವಿಷಯ, ಅಮೆರಿಕದವರು ಬ್ರಿಟಿಷರನ್ನು ಓಡಿಸಿದ ಯುದ್ಧದ ಕಾರಣಗಳು ಮತ್ತು ಪರಿಣಾಮಗಳು. ಇಂಥವಳಿಗೆ ಇಂಥವು ಆಗದೆ ಇನ್ಯಾರಿಗೆ ಆಗಬೇಕು? ತೊಂಬತ್ತರ ದಶಕದ ಕೊನೆಗೆ ಹೋದವಳು ನಾಲ್ಕು ವರ್ಷ ಅಲ್ಲಿದ್ದೆ. ಶುರುವಾದದ್ದು ವಿಮಾನ ಇಳಿದ ಕೂಡಲೇ.

೧. ಪಾಸ್‌ಪೋರ್ಟ್ ಕೌಂಟರ್

ಅಲ್ಲಿ ಕೂತಿದ್ದ ಅಧಿಕಾರಿ ನನ್ನ ಅಡ್ಮಿಷನ್ ಪತ್ರವನ್ನು ಎರಡು ಸಲ ಓದಿದ.

“ನೀವು ಇಂಡಿಯಾದವರು. ಓದೋದು ಅಮೆರಿಕದ ಯುದ್ಧ. ಬಂದಿರೋದು ಇಂಗ್ಲೆಂಡಿಗೆ. ಯಾಕೆ?”

ವಾಪಸ್ ಕಳಿಸಿಬಿಟ್ಟರೆ ಅಂತ ನನಗೆ ಗಾಬರಿ. ಇದ್ದದ್ದು ಇದ್ದ ಹಾಗೆ ಹೇಳಿದೆ: “ಸೋತವರ ಕಾಗದಪತ್ರ ಎಲ್ಲಾ ಇಲ್ಲೇ ಇವೆ ಸರ್.”

ಆತ ತಲೆ ಎತ್ತಿದ. ಆಮೇಲೆ ಠಪ್ಪೆಂದು ಸೀಲು ಒತ್ತಿ, “ಸೋಲಲಿಲ್ಲ ಮೇಡಂ. ಅಷ್ಟು ದೂರ ಹೋಗಿ ಬಂದು ಮಾಡೋದು ಸಾಕಾಯ್ತು, ಬಿಟ್ವಿ,” ಅಂದ.

೨. ಮೊದಲ ಪಾಠ

ಎರಡನೇ ವರ್ಷ ನನ್ನ ಗೈಡು ಬಿ.ಎ. ಹುಡುಗರಿಗೆ ಪಾಠ ಮಾಡಲು ಹಚ್ಚಿದರು. ಹನ್ನೆರಡು ಮಂದಿ, ಎಲ್ಲಾ ಇಂಗ್ಲಿಷರೇ. ಅವರ ಚರಿತ್ರೆಯನ್ನು ಅವರಿಗೇ ಹೇಳಬೇಕು. ಹಿಂದಿನ ದಿನವೆಲ್ಲಾ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ.

“ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಮುಖ್ಯ ಕಾರಣ ಏನು?” ಅಂತ ಕೇಳಿದೆ. ಎಲ್ಲರೂ ಮೇಜು ನೋಡಿದರು. ಕಡೆಗೆ ಮುಂದಿನ ಸಾಲಿನ ಹುಡುಗಿ ತುಂಬಾ ವಿನಯದಿಂದ ಕೈ ಎತ್ತಿದಳು. ಅಂತೂ ಒಬ್ಬಳಿಗಾದರೂ ಗೊತ್ತಿದೆಯಲ್ಲ ಅಂತ ಸಮಾಧಾನವಾಯಿತು.

“ಸ್ವಾತಂತ್ರ್ಯ ಅಂದ್ರೆ,” ಅವಳು ಕೇಳಿದಳು, “ಯಾರಿಂದ?”

೩. ಫ್ರಿಜ್ ಮೇಲಿನ ಕಾಗದ

ನಾನು ಬಾಡಿಗೆಗೆ ಇದ್ದದ್ದು ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಬಡಾವಣೆಯ ಒಂದು ಡಾಕ್ಟರ್ ದಂಪತಿಯ ಮನೆಯಲ್ಲಿ. ಧಾರವಾಡದವರು. ಅವರಿಗೆ ಹತ್ತು ವರ್ಷದ ಮಗಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ.

ಒಂದು ಭಾನುವಾರ ಊಟಕ್ಕೆ ಕೂತಾಗ, “ಅಮೆರಿಕದವರು ಯಾಕೆ ಜಗಳ ಆಡಿದ್ರು?” ಅಂತ ಅವಳು ಕೇಳಿದಳು. “ಪಾರ್ಲಿಮೆಂಟಿನಲ್ಲಿ ಇವರ ಕಡೆಯವರು ಒಬ್ಬರೂ ಇರಲಿಲ್ಲ. ಇವರನ್ನ ಒಂದು ಮಾತೂ ಕೇಳದೆ ತೆರಿಗೆ ಹಾಕಿದರು. ಅದಕ್ಕೇ,” ಅಂದೆ. ಅಷ್ಟೇ ಹೇಳಿದ್ದು.

ಮಾರನೇ ದಿನ ಫ್ರಿಜ್ ಮೇಲೆ ಒಂದು ಕಾಗದ ಅಂಟಿಕೊಂಡಿತ್ತು. ಟಿವಿಯಲ್ಲಿ ಏನು ನೋಡಬೇಕು ಅಂತ ತನ್ನನ್ನು ಕೇಳುವವರೆಗೂ ತಾನು ತಟ್ಟೆ ಒರೆಸುವುದಿಲ್ಲ, ಇಂದಿನಿಂದ ತಾನು ಸ್ವತಂತ್ರಳು ಅಂತ ಬರೆದು, ಕೆಳಗೆ ಸಹಿ ಮಾಡಿದ್ದಳು.

ಡಾಕ್ಟರು ಆಸ್ಪತ್ರೆಯಿಂದ ಬಂದವರು ಅದನ್ನು ಓದಿ ನನ್ನ ಕಡೆ ತಿರುಗಿದರು. “ಏನವಾ, ನನ್ನ ಮಗಳಿಗೆ ಏನ್ ಕಲಿಸಿದಿ?”

ವಾರವಿಡೀ ಸಿಂಕಿನ ಪಕ್ಕ ಒದ್ದೆ ತಟ್ಟೆ ರಾಶಿ ಬಿದ್ದವು. ಡಾಕ್ಟರು ಗದರಿಸಿದರು, ಚಾಕೊಲೇಟ್ ತಂದರು, ಯಾವುದೂ ನಡೆಯಲಿಲ್ಲ. ಎಂಟನೇ ದಿನ ತಾವೇ ಎದ್ದು ರಿಮೋಟನ್ನು ಮಗಳ ಕೈಗೆ ಕೊಟ್ಟರು.

ಅವರ ಹೆಂಡತಿ ಚಪಾತಿ ಲಟ್ಟಿಸುತ್ತಲೇ ನನ್ನನ್ನು ಕೇಳಿದರು: “ಬ್ರಿಟಿಷರು ಎಷ್ಟು ದಿನ ತಡೆದಿದ್ರು?”

“ಎಂಟು ವರ್ಷ.”

“ನಮ್ಮವರು ಎಂಟಽ ದಿನ ನೋಡ್ರಿ.”

೪. ಯಾವ ನಾವು?

ನನ್ನ ವೈವಾಕ್ಕೆ ಬಂದಿದ್ದ ಇಂಗ್ಲಿಷ್ ಪರೀಕ್ಷಕರು ನಗುವವರಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಅವರು ಬಂದವರೇ ನೇರವಾಗಿ ನಾಲ್ಕನೇ ಅಧ್ಯಾಯ ತೆರೆದರು.

“ಇಲ್ಲಿ ‘ನಾವು ಶರಣಾದೆವು’ ಅಂತ ಬರೆದಿದ್ದೀರಿ. ಯಾವ ನಾವು?”

ನಾಲ್ಕು ವರ್ಷದ ಕೆಲಸ ಒಂದು ಸರ್ವನಾಮದಲ್ಲಿ ಮುಳುಗಿತು ಅಂದುಕೊಂಡೆ. “ಅದನ್ನ ಬರೆಯೋವಾಗ ಬರೀ ನಿಮ್ಮ ಸಿಪಾಯಿಗಳ ಕಾಗದಗಳನ್ನೇ ಓದ್ತಿದ್ದೆ ಸರ್. ಬೂಟು ಹರಿದಿತ್ತು, ಹೊಟ್ಟೆಗಿರಲಿಲ್ಲ, ಜ್ವರ ಬೇರೆ. ಪಾಪ ಅನ್ನಿಸಿಬಿಡ್ತು.”

ಅವರು ಪೆನ್ನು ಮುಚ್ಚಿದರು. “ಆ ಯುದ್ಧದಲ್ಲಿ ನಮಗೆ ಪಾಪ ಅಂದವರನ್ನು ಇವತ್ತೇ ನೋಡಿದ್ದು. ಪಾಸ್. ಆದರೆ ಆ ‘ನಾವು’ ತೆಗೆದುಹಾಕಿ.”

೫. ಕ್ಷಮೆ

ಪದವಿ ಪ್ರದಾನಕ್ಕೆ ಅಮ್ಮ ಬಂದಳು. ಅದೇ ವಾರ ಲಫ್‌ಬರೋ ಅನ್ನುವ ಊರಿನಲ್ಲಿ ಅಲ್ಲಿನ ಹಿರಿಯರ ಒಂದು ಇತಿಹಾಸ ಕೂಟದಲ್ಲಿ ನನ್ನ ಭಾಷಣವಿತ್ತು. ಅಮ್ಮನನ್ನೂ ಕರೆದುಕೊಂಡು ಹೋದೆ. ಇಂಗ್ಲಿಷ್ ಬಾರದಿದ್ದರೂ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕೂತಳು.

ಪರಿಣಾಮಗಳ ಭಾಗಕ್ಕೆ ಬಂದಾಗ ನಮ್ಮೂರಿನ ಕತೆ ಹೇಳಿದೆ. ಅಮೆರಿಕದಲ್ಲಿ ಸೈನ್ಯ ಸಮೇತ ಸೆರೆಸಿಕ್ಕ ಇಂಗ್ಲಿಷ್ ಜನರಲ್‌ನನ್ನು ಅಲ್ಲಿಯವರು ಬಿಟ್ಟು ಕಳಿಸಿದರು. ಕೆಲವು ವರ್ಷಕ್ಕೆ ಅದೇ ಜನರಲ್ ಇಂಡಿಯಾಕ್ಕೆ ದೊಡ್ಡ ಅಧಿಕಾರಿಯಾಗಿ ಬಂದು, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಅರ್ಧ ರಾಜ್ಯ ಕಿತ್ತುಕೊಂಡ.

ಭಾಷಣ ಮುಗಿದ ಮೇಲೆ ಒಬ್ಬ ಹೆಂಗಸು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಮೆರಿಕದವರು, ಗಂಡ ಲಫ್‌ಬರೋ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಮೇಷ್ಟ್ರು. ಕಣ್ಣಲ್ಲಿ ನಿಜವಾಗಿ ನೀರಿತ್ತು.

“ನನಗೆ ಗೊತ್ತೇ ಇರಲಿಲ್ಲ. ದಯವಿಟ್ಟು ಕ್ಷಮಿಸಿ. ನಾವು ಅವನನ್ನ ಬಿಡಬಾರದಿತ್ತು.”

ಅಮ್ಮ ನನ್ನ ಸೆರಗೆಳೆದು, “ಯಾಕೆ ಅಳ್ತಿದಾರೆ ಪಾಪ?” ಅಂದಳು. ಎಲ್ಲಾ ಬಿಡಿಸಿ ಹೇಳಿದೆ.

ಅಮ್ಮ ಆಕೆಯ ಬೆನ್ನು ಸವರಿದಳು. “ಹೋಗ್ಲಿ ಬಿಡಿ, ಆಗಿದ್ದು ಆಗೋಯ್ತು ಅಂತ ಹೇಳು,” ಅಂದವಳು, ಒಂದು ಕ್ಷಣ ಯೋಚಿಸಿ ಸೇರಿಸಿದಳು: “ಆದ್ರೆ ಇನ್ನು ಮುಂದೆ ಯಾರನ್ನಾದ್ರೂ ಬಿಡೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳಬೇಕಂತೆ, ಅದನ್ನೂ ಹೇಳು.”