ಅಣ್ಣನ ಕಪ್ಪು ಬಿಯರ್

ಕೆನ್ನೆಗೆ ಹೊಡೆದವರನ್ನು ನಮ್ಮಣ್ಣ ಕ್ಷಮಿಸಿಯಾನು. ‘ಬಿಯರೆಲ್ಲ ಒಂದೇ’ ಅಂದವರನ್ನು ಮಾತ್ರ ಖಂಡಿತ ಇಲ್ಲ!

ಕುಡಿಯುವುದು ಭಾನುವಾರ ಒಂದೇ ಲೋಟ. ಮಾತು ವಾರಪೂರ್ತಿ! ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ದೋಸೆಹಿಟ್ಟಿನ ಮುಂದೆಯೇ ಪಾಠ.

“ನೋಡೇ, ಹಿಟ್ಟು ಸೆಖೆಗೆ ಬೇಗ ಉಕ್ಕುತ್ತಲ್ಲ, ಏಲ್ ಹಾಗೆ. ಹಣ್ಣಿನ ಘಮ ಇರುತ್ತೆ. ತಣ್ಣಗಿಟ್ಟು ವಾರಗಟ್ಟಲೆ ಕಾದರೆ ಲಾಗರ್. ತಿಳಿಯಾಗಿ, ಹಗುರವಾಗಿರುತ್ತೆ. ಗೋಧಿದು ಮಬ್ಬುಮಬ್ಬು. ಬಾರ್ಲೀನ ಕಾಫಿಬೀಜದ ಹಾಗೆ ಕಪ್ಪಗೆ ಹುರಿದರೆ ಸ್ಟೌಟ್!”

“ನನ್ನ ದೋಸೆ?”

“ಅದೂ ಸ್ಟೌಟೇ. ದಿನಾ ಸೀದಿರುತ್ತೆ.”

ಎರ್ನಾಕುಲಂನ ಸರ್ಕಾರಿ ಮದ್ಯದಂಗಡಿಯ ಸಾಲಿನಲ್ಲಿ ಮುಂದಿದ್ದವನು “ಒಂದು ಬಿಯರ್” ಅಂದನಂತೆ. “ಯಾವ ಬಿಯರ್ ಅಂತ ಹೇಳಿ ಚೇಟ್ಟಾ” ಎಂದು ಇವನು ಪಾಠ ಶುರುಮಾಡಿದ. ಹಿಂದಿದ್ದವರೆಲ್ಲ ಸೇರಿ ಇವನನ್ನೇ ಸಾಲಿನಿಂದ ಹೊರಹಾಕಿದರು!

ಇಂಥವನನ್ನು ಕೂರಿಸಿಕೊಂಡು ನನ್ನ ಮಗಳ ಮದುವೆಯ ಮಾತಾಡುವುದು ಹೇಗೆ? ತಿರುವನಂತಪುರದಿಂದ ಬರುವ ಗಂಡಿನವರು ನಮ್ಮ ಮೈಸೂರು ಕಡೆಯವರೇ, ಬಲು ಮಡಿವಂತರು. ಈ ಸಂಬಂಧ ತಪ್ಪಿದರೆ? ಅವರು ಬರುವ ದಿನ ಬೆಳಿಗ್ಗೆಯೇ, “ಫೋನ್ ಮಾಡೋ ತನಕ ಬರಬೇಡಣ್ಣ” ಅಂದೆ. ಚಪ್ಪಲಿ ಮೆಟ್ಟಿ ಹೊರಟ. ನಾವಿರುವ ತ್ರಿಪ್ಪುಣಿತ್ತುರದ ಈ ಮನೆ ಅವನದೇ! ನನ್ನ ಗಂಡ ತೀರಿಕೊಂಡಾಗ ನನ್ನನ್ನೂ ಮಗಳನ್ನೂ ಕರೆತಂದು ಸಾಕಿದವನು.

ಫ್ರಿಜ್ಜೇನೋ ಖಾಲಿ ಮಾಡಿದ್ದೆ. ಆದರೆ ಸ್ಟೌಟು ತೀರಾ ತಣ್ಣಗಿರಬಾರದೆಂದು ಅವನು ಅದನ್ನು ನೀರಿನ ಹೂಜಿಯ ಹಿಂದೆ ಇಡುತ್ತಾನೆಂಬುದು ನನಗೆ ಮರೆತೇಹೋಗಿತ್ತು. ನೀರಿಗೆಂದು ಎದ್ದ ಗಂಡಿನ ತಂದೆಯ ಕೈಗೇ ಸಿಗಬೇಕೆ!

“ಇದು ಯಾರದಮ್ಮ?”

“ಮೇಲಿನ ರೂಮಿನ... ಬಾಡಿಗೆಯವರದು.”

ತಲೆಯೆತ್ತಿದರೆ, ಫೋನಿಗೂ ಕಾಯದೆ ಬಂದ ಅಣ್ಣ ಬಾಗಿಲಲ್ಲಿ! ಕೈಯಲ್ಲಿ ನನ್ನ ಮಗಳಿಗೆಂದು ತಂದ ಮಲ್ಲಿಗೆ. ಒಂದು ಕ್ಷಣ ನನ್ನ ಮುಖ ನೋಡಿದ. ಹೂವನ್ನು ಬೆನ್ನ ಹಿಂದೆ ಸರಿಸಿದ.

“ಚೇಚಿ, ನೀರಿನ ಮೋಟರ್ ಹಾಕಿದ್ದೀರಾ?” ಎಂದು ಮಲಯಾಳದಲ್ಲಿ ಕೇಳಿದ. ಒಡಹುಟ್ಟಿದ ತಂಗಿಯನ್ನು ಅಕ್ಕ ಎಂದು ಕರೆದು ಬಾಡಿಗೆಯವನೇ ಆಗಿಬಿಟ್ಟ!

ಗಂಡಿನ ತಂದೆ ಬಾಟಲಿಯನ್ನು ಬೆಳಕಿಗೆ ಹಿಡಿದರು. “ಯಾಕ್ರೀ ಇಷ್ಟು ಕಪ್ಪು? ಬಿಯರೆಲ್ಲ ಒಂದೇ ಅಲ್ವಾ?” ಎಂದು ಮಲಯಾಳದಲ್ಲೇ ಅವನನ್ನು ಕೇಳಿದರು.

ಅಣ್ಣ ತಲೆ ತಗ್ಗಿಸಿದ. “ಹೌದು ಸಾರ್. ಎಲ್ಲ ಒಂದೇ.”

ನಾನು ಬಾಟಲಿ ಈಸಿಕೊಂಡು ಮತ್ತೆ ಹೂಜಿಯ ಹಿಂದೆ ಇಟ್ಟೆ.

ಗಂಡಿನ ತಾಯಿ ಮಾತು ಬದಲಿಸಿದರು. “ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರೋಕೆ ಸೋದರಮಾವ ಇದ್ದಾರಲ್ವಾ?”

ಅಣ್ಣ ಆಗಲೇ ಮೆಟ್ಟಿಲು ಹತ್ತುತ್ತಿದ್ದ. ಬೆನ್ನ ಹಿಂದಿನ ಮಲ್ಲಿಗೆ ನನಗೊಬ್ಬಳಿಗೇ ಕಾಣುತ್ತಿತ್ತು.

“ಇದ್ದಾನೆ. ಅಲ್ಲಿ ಹೋಗ್ತಿದ್ದಾನಲ್ಲ, ಅವನೇ,” ಅಂದೆ. “ಅಣ್ಣಾ, ಇಳಿದು ಬಾ. ಎಲ್ಲ ಒಂದೇ ಅಲ್ಲ ಅಂತ ಇವರಿಗೆ ಸರಿಯಾಗಿ ಹೇಳು.”