ಮೂವರು ಹೆಂಗಸರ ಒಂದೇ ಚೀಟಿ

ನೆನಪನ್ನು ನಂಬಬಾರದು ಎಂಬುದನ್ನು ನಾನು ಬಹಳ ಬೇಗ ಕಲಿತೆ. ಯಾವಾಗ ಎಂಬುದು ಮಾತ್ರ ನೆನಪಿಲ್ಲ. ಹಾಗಾಗಿ ಕಾಲೇಜಿನ ಕಾಲದಿಂದಲೂ ದಿನಚರಿ ಬರೆಯುತ್ತೇನೆ. ಹಳೆಯ ಪುಟ ತೆರೆದರೆ, ಇಡೀ ದಿನ ಅತ್ತಿದ್ದೆ ಎಂದು ನಾನು ನಂಬಿಕೊಂಡಿರುವ ದಿನ ಎರಡು ಪ್ಲೇಟು ಬನ್ಸ್ ತಿಂದಿರುತ್ತೇನೆ. ಎಂ.ಎ. ಮುಗಿಸಿ, ಮೇಲೊಂದು ವೈದ್ಯಕೀಯ ದಾಖಲೆಗಳ ಡಿಪ್ಲೊಮಾ ಮಾಡಿ, ಕಾರವಾರದ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಸೇರಿದಾಗ ನನಗೆ ತಕ್ಕ ಜಾಗವೇ ಸಿಕ್ಕಿತು ಅನ್ನಿಸಿತ್ತು. ಇಲ್ಲಿ ಯಾರ ನೆನಪೂ ಬೇಡ, ಬರೆದದ್ದೇ ಸತ್ಯ. ಹೀಗಂದುಕೊಂಡದ್ದು ಮೊದಲ ವಾರ. ಈಗ ನಾಲ್ಕನೇ ತಿಂಗಳು. ಅಂಕೋಲೆಯಿಂದ ಬೆಳಗಿನ ಬಸ್ಸಿನಲ್ಲಿ ನಿಂತು ಬರುತ್ತೇನೆ, ಸಂಜೆಯ ಬಸ್ಸಿನಲ್ಲಿ ನಿಂತು ಹೋಗುತ್ತೇನೆ. ನಡುವೆ ಹಳೆಯ ಫೈಲುಗಳನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ಸುಸ್ತಾಗಿದೆ ಎಂದರೆ ಹೆತ್ತ ಆಯಿಯೇ ನಂಬುವುದಿಲ್ಲ. "ಕೂತ್ಕಂಡೇ ಮಾಡೂ ಕೆಲ್ಸಕ್ಕೆ ಎಂತಾ ಸುಸ್ತೇ?" ಎನ್ನುತ್ತಾಳೆ.

ಕಳೆದ ಬುಧವಾರ ಕೇಣಿಯ ಮೀನುಗಾರರ ಮನೆಯ ಸವಿತಾ ಎಂಬ ಹುಡುಗಿಯನ್ನು ಹೊಟ್ಟೆನೋವೆಂದು ಸೇರಿಸಿದರು. ಅಪೆಂಡಿಕ್ಸು, ಮಧ್ಯಾಹ್ನವೇ ಆಪರೇಷನ್. ಅವಳು ತಂದಿದ್ದ ಆಸ್ಪತ್ರೆಯ ಚೀಟಿಯ ಮೇಲಿದ್ದದ್ದು ಅತ್ತೆ ತುಳಸಿಯ ಹೆಸರು. ನನ್ನ ಮೇಲಧಿಕಾರಿ ಶಾಂತಾ ಮೇಡಂ ತಲೆ ಎತ್ತಲೂ ಇಲ್ಲ. "ಕೆಲವು ಮನೇಲಿ ಹಂಗೇ. ರೇಷನ್ ಕಾರ್ಡಿನ ಹಂಗೆ ಮನೆಗೊಂದು ಚೀಟಿ. ಹೊಸದು ಮಾಡಿಸೂಕೆ ಲೈನಲ್ಲಿ ನಿಂತ್ರೆ ಮೀನು ಕಾಯ್ತದೇನೇ?" ಎಂದರು.

ಫೈಲು ತೆಗೆದೆ. ಅದರ ಪ್ರಕಾರ ತುಳಸಿಗೆ ಅರವತ್ತೆರಡು ವರ್ಷ, ಬಿ.ಪಿ. ಇದೆ. ಆಕೆ ಗರ್ಭಕೋಶ ತೆಗೆಸಿಕೊಂಡ ಎರಡು ವರ್ಷಕ್ಕೆ ಗಂಡು ಮಗು ಹೆತ್ತಿದ್ದಾಳೆ. ಹೆತ್ತ ವಾರವೇ ಮೊಣಕಾಲು ನೋವೆಂದು ಒಬ್ಬಳೇ ಬಂದುಹೋಗಿದ್ದಾಳೆ. ಅತ್ತೆ, ಹಿರಿಸೊಸೆ, ಕಿರಿಸೊಸೆ ಸವಿತಾ ಮೂವರೂ ಒಂದೇ ದಾರದಲ್ಲಿ ಕಟ್ಟಿಸಿಕೊಂಡು ಕೂತಿದ್ದರು. ನಡುವೆ ಒಂದು ಪುಟದಲ್ಲಿ ಕೆಂಪು ಶಾಯಿ: ಪೆನಿಸಿಲಿನ್ ಇಂಜೆಕ್ಷನ್ನಿನಿಂದ ಮೈಯೆಲ್ಲ ಊತ, ಉಸಿರಾಟಕ್ಕೆ ತೊಂದರೆ, ಇನ್ನು ಮುಂದೆ ಕೊಡಬಾರದು.

ವಾರ್ಡಿನಿಂದ ಸಿಸ್ಟರ್ ಫೋನು ಮಾಡಿದರು. "ಇದು ಮೂವರಲ್ಲಿ ಯಾರಿಗೆ ಅಂತ ಬೇಗ ಹೇಳಿ ಮೇಡಂ. ಆಪರೇಷನ್ನಿಗೆ ಮೊದಲು ಅದೇ ಜಾತಿಯ ಇಂಜೆಕ್ಷನ್ ಕೊಡೋದಿದೆ." ಸವಿತಾಳನ್ನು ಕೇಳಿದರೆ, "ಮದಿ ಆಗಿ ಈ ಮನೆಗೆ ಬಂದ ವರ್ಷ ನಂಗೂ ಜೋರು ಜ್ವರ ಬಂದಿತ್ತು, ಎಂತಾ ಕೊಟ್ರೋ ಎಚ್ಚರ ಇರ್ಲಿಲ್ಲ. ಎಲ್ಲಾ ಅತ್ತೆಗೇ ಗೊತ್ತು" ಅಂದಳಂತೆ. ಅತ್ತೆ ಅಂಕೋಲೆ ಪೇಟೆಗೆ ಮೀನು ಮಾರಲು ಹೋಗಿದ್ದಳು; ಫೋನು ಎತ್ತಲಿಲ್ಲ.

ನಾನು ಓದಿದವಳಲ್ಲವೇ? ಪುಟವನ್ನು ಪರಿಶೀಲಿಸಿದೆ. ನಾಲ್ಕು ವರ್ಷ ಹಳೆಯದು, ವಯಸ್ಸು ಐವತ್ತೆಂಟು. ಐವತ್ತೆಂಟಕ್ಕೆ ನಾಲ್ಕು ಕೂಡಿದರೆ ಅರವತ್ತೆರಡು. ಫೋನು ಎತ್ತಿ, "ಅದು ಅತ್ತೆಯದ್ದು. ಸೊಸೆಗೆ ಕೊಡಲು ಅಡ್ಡಿಲ್ಲ" ಎಂದೆ. ಹೇಳಿದ ಠೀವಿ ಈಗಲೂ ಕಿವಿಯಲ್ಲಿದೆ. ಇಂಥದ್ದನ್ನು ಮಾತ್ರ ನೆನಪು ಚೆನ್ನಾಗಿ ಕಾಪಾಡುತ್ತದೆ.

ಸ್ವಲ್ಪ ಹೊತ್ತಿಗೆ ತುಳಸಿಯೇ ನನ್ನ ಕೋಣೆಗೆ ಬಂದಳು; ಸೊಸೆಯ ಸುದ್ದಿ ಕೇಳಿ ಆಗಲೇ ಬಸ್ಸು ಹತ್ತಿದ್ದಳಂತೆ. ಬುಟ್ಟಿಯನ್ನು ಗೇಟಿನಲ್ಲೇ ಇಡಿಸಿದ್ದರಂತೆ, ವಾಸನೆ ಮಾತ್ರ ಜೊತೆಗೇ ಬಂದಿತ್ತು. "ತುಳಸಕ್ಕ, ನಿಮಗೆ ಪೆನಿಸಿಲಿನ್ ಆಗೋದಿಲ್ಲ, ಗೊತ್ತಲ್ಲ?" ಎಂದೆ.

"ನಂಗಾ? ನಂಗೆ ಯಾವ ಸೂಜಿನೂ ಎಂತಾ ಮಾಡ್ಲಿಲ್ಲ. ಅದು ಸವಿತಂಗೆ. ಮಳೆಗಾಲದ ಬಂದ್ ಮುಗ್ದು ಬೋಟು ಕಡಲಿಗೆ ಹೋದ ಮೊದಲ್ನೇ ದಿವ್ಸ. ಬಂಗಡೆ ಅರ್ಧ ಬುಟ್ಟಿ ಸಹ ಮಾರ್ಲಿಲ್ಲ, ಬಿಟ್ಟು ಓಡಿ ಬಂದೆ. ಇವ್ಳ ಮೋರೆ ಉಬ್ಬಿ ಕಣ್ಣೇ ಕಾಣ್ತಿರ್ಲಿಲ್ಲ."

ಪುಟದ ಮೇಲೆ ಆಗಸ್ಟ್ ತಿಂಗಳಿತ್ತು; ಮೀನುಗಾರಿಕೆಯ ನಿಷೇಧ ಮುಗಿಯುವುದೂ ಆಗಲೇ. ಆದರೂ ನನಗೆ ನೆನಪಿನ ಸಾಕ್ಷಿ ಬೇಡ. "ಇಲ್ಲಿ ವಯಸ್ಸು ಐವತ್ತೆಂಟು ಅಂತ ಬರೆದಿದೆ" ಎಂದೆ.

"ಚೀಟಿ ನಂದು. ವಯಸ್ಸೂ ನಂದೇ ಬರೀತಾರೆ. ಬ್ಯಾರೆ ಎಂತಾ ಬರ್ದದೆ, ಓದು."

"ತೂಕ ನಲವತ್ತೊಂದು ಕೆ.ಜಿ."

ತುಳಸಕ್ಕ ಎದ್ದು, ಸೊಂಟಕ್ಕೆ ಕೈಯಿಟ್ಟು, ನನ್ನ ಬಾಗಿಲಿಗೆ ಅಡ್ಡ ನಿಂತಳು. ಬೆಳಕೇ ನಿಂತುಹೋಯಿತು. "ಸರೀ ನೋಡು ತಂಗೀ. ಇದು ಯಾವ ಬದಿಂದ ನಲವತ್ತೊಂದು?"

ವಾರ್ಡಿಗೆ ಫೋನು ಮಾಡಿದೆ, ಎಂಗೇಜ್ ಆಗಿತ್ತು. ಎರಡು ಮಹಡಿ ಮೆಟ್ಟಿಲು ಓಡಿದೆ. ಸಿಸ್ಟರ್ ಟ್ರೇ ಹಿಡಿದು ಹೊರಟಿದ್ದರು. ಏದುಸಿರಿನಲ್ಲಿ ಮಾತು ಹೊರಡದೆ ಟ್ರೇಯನ್ನೇ ಹಿಡಿದುಕೊಂಡೆ. ಬೇರೆ ಔಷಧ ಕೊಟ್ಟರು. ಆಪರೇಷನ್ ಆಯಿತು, ಸವಿತಾ ಮೂರನೇ ದಿನ ಗಂಜಿ ಬೇಡ, ಮೀನು ಬೇಕು ಎಂದು ಅತ್ತೆಯ ಜೊತೆ ಜಗಳವನ್ನೂ ಆಡಿದಳು. ಶಾಂತಾ ಮೇಡಂ ಬೈಯಲಿಲ್ಲ. "ಬರೆದಿದ್ದೂ ಯಾರೋ ಹೇಳಿದ್ದೇ ಅಲ್ಲವೇನೇ?" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಫೈಲನ್ನು ಬಿಚ್ಚಿ ಮೂರು ಮಾಡಲು ನನಗೆ ಎರಡು ದಿನ ಹಿಡಿಯಿತು. ಮೂರು ಹೊಸ ಚೀಟಿ ಕೊಟ್ಟು, ಒಬ್ಬೊಬ್ಬರೂ ತಮ್ಮದನ್ನೇ ತರಬೇಕೆಂದು ದೊಡ್ಡ ಭಾಷಣ ಮಾಡಿದೆ. ತುಳಸಕ್ಕ ಮೂರನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅದೇ ಸಂಜೆ ಆಫೀಸಿನಿಂದ ಸಿಬ್ಬಂದಿಯ ಆರೋಗ್ಯದ ಫಾರಂ ಬಂತು. ಯಾವುದಾದರೂ ಔಷಧ ಮೈಗೆ ಆಗುವುದಿಲ್ಲವೇ ಎಂಬ ಪ್ರಶ್ನೆಯಿತ್ತು. ಆಯಿಗೆ ಫೋನು ಮಾಡಿದೆ.

"ಎಂತದೋ ಒಂದು ಮಾತ್ರೆ ಆಗೂದಿಲ್ಲ ಅಂದಿದ್ರು ಡಾಕ್ಟ್ರು. ನಿಂಗೋ, ತಂಗಿಗೋ" ಎಂದಳು.

"ಚೀಟಿಯಲ್ಲಿ ಯಾರ ಹೆಸರಿತ್ತು?"

"ನಿಂದೇ. ಅವ್ಳಿಗೆ ಬ್ಯಾರೆ ಚೀಟಿ ಯಾರು ಮಾಡಿಸ್ತಾರೆ?"

ಆ ಖಾಲಿ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆದು ಸಹಿ ಹಾಕಿದೆ. ಈ ನಾಲ್ಕು ತಿಂಗಳಲ್ಲಿ ನಾನು ಮಾಡಿದ ದಾಖಲೆಗಳಲ್ಲಿ ತಪ್ಪಿಲ್ಲದ್ದು ಎಂದು ಧೈರ್ಯವಾಗಿ ಹೇಳಬಹುದಾದದ್ದು ಸದ್ಯಕ್ಕೆ ಅದೊಂದೇ.